ಅವ್ವ ಭಾಗಿಸಿ ನೋಡಿದ ಸಂಖ್ಯೆ

ನಮ್ಮವ್ವ ತನ್ನ ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದೇ ಒಂದು ಸಂಖ್ಯೆಯನ್ನು ಹಿಡಿದುಕೊಂಡು ಎಂಟು ತಿಂಗಳು ಕೂತಳು. ಆ ಸಂಖ್ಯೆಯನ್ನು ಮನೆಗೆ ತಂದವಳು ನಾನೇ.

ನಾನು ಪುಣೆಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ನನಗೂ ಗಣಿತಕ್ಕೂ ಹತ್ತನೆಯ ತರಗತಿಯಲ್ಲೇ ಸಂಬಂಧ ಹರಿದಿತ್ತು. ಕಳೆದ ವರ್ಷ ಶ್ರಾವಣದಲ್ಲಿ ನಮ್ಮ ಗಣಿತದ ಪ್ರಾಧ್ಯಾಪಕರೊಬ್ಬರು ಗ್ರಂಥಾಲಯದ ಬಾಗಿಲ ಪಕ್ಕದ ಫಲಕದ ಮೇಲೆ ಒಂದು ಹಾಳೆ ಅಂಟಿಸಿದರು. ಅದರಲ್ಲಿ ದಪ್ಪ ಅಕ್ಷರದಲ್ಲಿ ಇಷ್ಟೇ ಇತ್ತು:

73939133
7393913
739391
73939
7393
739
73
7

ಕೆಳಗೆ ಮರಾಠಿಯಲ್ಲಿ ಎರಡು ಸಾಲು. ಈ ಎಂಟೂ ಮೂಳ ಸಂಖ್ಯೆಗಳು. ಬಲಗಡೆಯಿಂದ ಒಂದೊಂದೇ ಅಂಕಿ ಕಿತ್ತುಹಾಕುತ್ತ ಹೋದರೂ ಉಳಿದದ್ದು ಪ್ರತಿ ಸಲವೂ ಮೂಳ ಸಂಖ್ಯೆಯಾಗಿಯೇ ಇರುತ್ತದೆ. ಇಂಥ ಸಂಖ್ಯೆಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ನಾವು ಶಾಲೆಯಲ್ಲಿ ಅವಿಭಾಜ್ಯ ಎಂದು ಕಲಿತದ್ದನ್ನು ಮರಾಠಿಯಲ್ಲಿ ಮೂಳ ಎನ್ನುತ್ತಾರೆ. ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆ. ಹಾಳೆ ಚೆನ್ನಾಗಿ ಕಂಡಿತೆಂದು ಫೋನಿನಲ್ಲಿ ಫೋಟೋ ತೆಗೆದುಕೊಂಡೆ, ಅಷ್ಟೇ.

ನಾವಿರುವುದು ಪುಣೆಯ ಖಡಕಿಯಲ್ಲಿ. ಅಪ್ಪ ಅಲ್ಲಿನ ಮಿಲಿಟರಿ ಸಾಮಾನಿನ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಇನ್‌ಸ್ಪೆಕ್ಟರ್ ಆಗಿದ್ದರು. ಬೇರೆಯವರು ಕಡೆದ ಲೋಹದ ತುಂಡುಗಳನ್ನು ಅಳೆದು ಸರಿ ಇದೆ, ಇಲ್ಲ ಎಂದು ಹೇಳುವುದು ಅವರ ಕೆಲಸ. ಅವ್ವ ಧಾರವಾಡದವಳು, ಮದುವೆಯಾಗಿ ಕಾರ್ಖಾನೆಯ ಕ್ವಾರ್ಟರ್ಸಿಗೆ ಬಂದವಳು. ಅಪ್ಪ ನಿವೃತ್ತರಾದ ಮೇಲೆ ಹತ್ತಿರದಲ್ಲೇ ಮೂರು ಕೋಣೆಯ ಮನೆ ಮಾಡಿದೆವು. ನಾನು ಮದುವೆಯಾಗಲಿಲ್ಲ, ಮೂವರೂ ಒಟ್ಟಿಗಿದ್ದೇವೆ.

ಅಂದು ಸಂಜೆ ಅವ್ವ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಫೋಟೋ ತೋರಿಸಿದೆ. ಅವಳು ಸೊಪ್ಪನ್ನು ಕೆಳಗಿಟ್ಟು, ಕೈ ಒರೆಸಿಕೊಂಡು, ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಮೇಲಿನ ಸಾಲನ್ನು ಗಟ್ಟಿಯಾಗಿ ಓದಿದಳು. ಏಳು ಕೋಟಿ ಮೂವತ್ತೊಂಬತ್ತು ಲಕ್ಷ ಮೂವತ್ತೊಂಬತ್ತು ಸಾವಿರದ ಒಂದುನೂರಾ ಮೂವತ್ತಮೂರು.

"ಇದನ್ನ ಯಾರು ಭಾಗಿಸಿ ನೋಡ್ಯಾರ?" ಎಂದು ಕೇಳಿದಳು.

ಕಂಪ್ಯೂಟರ್ ಇಂಥದನ್ನು ಕಣ್ಣುಮುಚ್ಚಿ ತೆಗೆಯುವುದರೊಳಗೆ ನೋಡುತ್ತದೆ ಎಂದೆ.

"ಅದು ನೋಡಿರಬೇಕು. ನಾ ನೋಡಿಲ್ಲಲ್ಲ."

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಆ ಎಂಟು ಸಾಲುಗಳನ್ನು ಹಾಲಿನ ಲೆಕ್ಕ ಬರೆಯುವ ಚೀಟಿಯ ಹಿಂದೆ ಬರೆದುಕೊಂಡಳು. ಮರುದಿನ ನಾನು ಕೆಲಸದಿಂದ ಬಂದಾಗ ಕೆಳಗಿನ ನಾಲ್ಕು ಸಾಲುಗಳ ಮುಂದೆ ಸರಿ ಗುರುತು ಬಿದ್ದಿತ್ತು.

ಅವ್ವ ಪಿಯುಸಿಯಲ್ಲಿ ವಿಜ್ಞಾನ ಓದಿದ್ದಳೆಂದು ನನಗೆ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಒಮ್ಮೆಯಾದರೂ ಅದರ ಬಗ್ಗೆ ಕೇಳಿರುವುದು ಬೇರೆ. ನನ್ನ ನೆನಪಿನಲ್ಲಿ ಅವಳ ಗಣಿತವೆಂದರೆ ನನಗೆ ಮಗ್ಗಿ ಹೇಳಿಕೊಟ್ಟದ್ದು, ಸ್ವೆಟರ್ ಹೆಣೆಯುತ್ತ ಮನೆಗಳನ್ನು ಎಣಿಸುತ್ತಿದ್ದದ್ದು. ಇಪ್ಪತ್ತರ ಒಳಗೆ ಮದುವೆ, ಆಮೇಲೆ ಅತ್ತೆ ಮಾವ, ನಾನು. ಅದರ ನಡುವೆ ಭಾಗಾಕಾರ ಮಾಡುವ ಆಸೆ ಒಬ್ಬ ಹೆಂಗಸಿಗೆ ಇರಬಹುದೆಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

7393 ಎಂಬ ಸಾಲನ್ನು ಅವಳು ನನಗೆ ಕೂರಿಸಿಕೊಂಡು ವಿವರಿಸಿದಳು. ಎಲ್ಲ ಸಂಖ್ಯೆಗಳಿಂದ ಭಾಗಿಸಬೇಕಾಗಿಲ್ಲ, ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು. ಅದನ್ನೂ ಕೊನೆಯವರೆಗೆ ಮಾಡಬೇಕಾಗಿಲ್ಲ, ಎಲ್ಲಿಯೋ ಒಂದು ಕಡೆ ನಿಲ್ಲಬಹುದು. ಎಲ್ಲಿ ಎಂದು ಕೇಳಿದೆ. ಅವಳು ಎರಡು ಭಾಗಾಕಾರ ತೋರಿಸಿದಳು. 83ರಿಂದ ಭಾಗಿಸಿದರೆ 89 ಸಲ ಹೋಗಿ 6 ಉಳಿಯುತ್ತದೆ. ಮುಂದಿನ ಅವಿಭಾಜ್ಯ 89. ಅದರಿಂದ ಭಾಗಿಸಿದರೆ 83 ಸಲ ಹೋಗಿ ಅದೇ 6 ಉಳಿಯುತ್ತದೆ.

"ನೋಡು, ಇಲ್ಲಿಂದ ಮುಂದ ಬರೇ ಹೊಳ್ಳಿ ಬರೂದು. ಹೊಸಾದೇನೂ ಸಿಗೂದಿಲ್ಲ."

ನಾನು ಆ ಎರಡು ಭಾಗಾಕಾರಗಳನ್ನು ಮತ್ತೆ ಮತ್ತೆ ನೋಡಿದೆ. ಸಂಖ್ಯೆಗಳ ರಾಶಿಯ ನಡುವೆ ಇಂಥದೊಂದು ತಿರುವು ಇದೆ, ಅಲ್ಲಿಗೆ ಮುಟ್ಟಿದರೆ ಆಚೆಗಿನ ಸಾವಿರಾರನ್ನು ನೋಡದೆಯೇ ನೋಡಿದಂತೆ ಎಂಬುದು ನನಗೆ ಯಾರೂ ಹೇಳಿರದ ವಿಷಯವಾಗಿತ್ತು. ಶಾಲೆಯಲ್ಲಿ ಹೇಳಿದ್ದರೋ ಏನೋ, ನಾನು ಕೇಳಿರಲಿಲ್ಲ.

ದೊಡ್ಡ ಸಂಖ್ಯೆಗೆ ನಿಲ್ಲುವ ಜಾಗ ಎಂಟು ಸಾವಿರದ ಆರುನೂರರ ಹತ್ತಿರ ಬರುತ್ತದೆಂದು ಅವಳು ಲೆಕ್ಕ ಹಾಕಿದಳು. ಅಂದರೆ ಅಲ್ಲಿಯವರೆಗಿನ ಎಲ್ಲ ಅವಿಭಾಜ್ಯಗಳ ಪಟ್ಟಿ ಬೇಕು. ನಾನು ಅಚ್ಚು ಹಾಕಿಸಿ ತಂದುಕೊಡುತ್ತೇನೆಂದೆ. ಬೇಡವೆಂದಳು. ಹಳೆಯ ಗೋಡೆ ಕ್ಯಾಲೆಂಡರುಗಳನ್ನು ಬೆನ್ನು ಮೇಲೆ ಮಾಡಿ ಹರವಿ, ಚೌಕ ಹಾಕಿಕೊಡಲು ಅಪ್ಪನನ್ನು ಕೇಳಿದಳು. ಅಪ್ಪ ಯಾಕೆ, ಏನು ಎಂದು ಕೇಳದೆ ತಮ್ಮ ಉಕ್ಕಿನ ಸ್ಕೇಲು ತಂದು ಗೆರೆ ಎಳೆಯಲು ಕೂತರು. ಗೆರೆ ಎಳೆಯುವ ಕೆಲಸವೆಂದರೆ ಅವರಿಗೆ ಅಷ್ಟು ಇಷ್ಟ. ಅವ್ವ ಒಂದೊಂದು ಚೌಕದಲ್ಲಿ ಒಂದೊಂದು ಬೆಸ ಸಂಖ್ಯೆ ಬರೆದು, ಮೂರರಿಂದ ಹೋಗುವವನ್ನು ಹೊಡೆದುಹಾಕಿದಳು, ಐದರಿಂದ ಹೋಗುವವನ್ನು, ಏಳರಿಂದ, ಹನ್ನೊಂದರಿಂದ. ಜರಡಿ ಹಿಡಿದಂತೆ. ಹದಿನೆಂಟು ದಿನ ಹಿಡಿಯಿತು. ಕೊನೆಗೆ ಹೊಡೆಯದೆ ಉಳಿದವೇ ಅವಿಭಾಜ್ಯಗಳು. ಗಣಪತಿ ಹಬ್ಬದ ಹೊತ್ತಿಗೆ ನಮ್ಮ ನಡುಮನೆಯ ಗೋಡೆಯ ತುಂಬ ಆ ಹಾಳೆಗಳಿದ್ದವು, ಹಬ್ಬಕ್ಕೆ ಬಂದವರು ಅದೇನು ಜಾತಕವೇ ಎಂದು ಕೇಳಿದರು.

ಆಮೇಲೆ ದಿನಾಲೂ ಅಡಿಗೆ ಮುಗಿಸಿ ಹನ್ನೊಂದರಿಂದ ಒಂದರವರೆಗೆ ಭಾಗಾಕಾರ. ನೂರು ಪುಟದ ಉದ್ದನೆಯ ನೋಟುಬುಕ್ಕು, ನೀಲಿ ಪೆನ್ನು. ಉಳಿದ ಶೇಷಕ್ಕೆ ಮಾತ್ರ ಕೆಂಪು ಸುತ್ತು. 73939 ಒಂದು ವಾರದಲ್ಲಿ ಆಯಿತು. 739391 ದಸರೆಗೆ ಮುಗಿಯಿತು. 7393913ಕ್ಕೆ ಸುಮಾರು ನಾನೂರು ಭಾಗಾಕಾರ ಬೇಕಾದವು. ದೀಪಾವಳಿಯ ಕರಿಗಡಬು ಕರಿಯುವ ಎರಡು ದಿನ ಬಿಟ್ಟರೆ ಅವಳು ತಪ್ಪಿಸಲಿಲ್ಲ. ಯಾವುದರಲ್ಲೂ ಸೊನ್ನೆ ಬರಲಿಲ್ಲ. ಸೊನ್ನೆ ಬಂದರೆ ಸಂಖ್ಯೆ ಒಡೆಯಿತು ಎಂದರ್ಥ.

ಕಾರ್ತಿಕದಲ್ಲಿ ದೊಡ್ಡದಕ್ಕೆ ಕೈಹಚ್ಚಿದಳು. ಮೊದಲ ದಿನ ನಾನು ಮನೆಯಲ್ಲೇ ಇದ್ದೆ. ಏಳರಿಂದ ಭಾಗಿಸಿದಾಗ ಶೇಷ ಎರಡು. ಹನ್ನೊಂದರಿಂದ ನಾಲ್ಕು. ಹದಿಮೂರರಿಂದ ಎಂಟು. ಅವ್ವ ನನ್ನ ಮುಖ ನೋಡಿದಳು. ಹದಿನೇಳರಿಂದ ಹದಿನಾರು ಬರುತ್ತದೆಂದು ನಾನು ಹೇಳಿಯೇಬಿಟ್ಟೆ. ಬಂದದ್ದು ಹದಿಮೂರು.

"ಹಂಗ ನಮ್ಮ ಮಾತು ಕೇಳೂದಿಲ್ಲ ಅದು," ಎಂದಳು. ಅವಳ ದನಿಯಲ್ಲಿ ಸಂತೋಷವಿತ್ತು.

ಇದಾಗಿ ಹತ್ತು ಹನ್ನೆರಡು ದಿನವಾಗಿತ್ತು. ನಾನು ಸಂಜೆ ಬಂದಾಗ ನೋಟುಬುಕ್ಕು ಮುಚ್ಚಿತ್ತು, ಅದರ ಮೇಲೆ ಪೆನ್ನು ಅಡ್ಡ ಇಟ್ಟಿತ್ತು. ಅವ್ವ ಹೆಚ್ಚು ಮಾತಾಡಲಿಲ್ಲ. ಮರುದಿನವೂ ಹಾಗೆಯೇ. ಮೈಗೆ ಸರಿಯಿಲ್ಲವೇ ಎಂದು ಅಪ್ಪ ಕೇಳಿದರೆ ಇಲ್ಲ, ಆರಾಮಿದ್ದೇನೆ ಎಂದಳು. ಮೂರನೆಯ ದಿನ ಭಾನುವಾರ. ಅವಳು ಸ್ನಾನಕ್ಕೆ ಹೋದಾಗ ನಾನು ನೋಟುಬುಕ್ಕು ತೆಗೆದೆ. ಕೊನೆಯ ಭಾಗಾಕಾರ 367ರದು. ಭಾಗಲಬ್ಧ 201469. ಶೇಷ ಸೊನ್ನೆ. ಆ ಸೊನ್ನೆಗೆ ಕೆಂಪು ಸುತ್ತು ಹಾಕಿರಲಿಲ್ಲ.

ಅವಳು ತಲೆ ಒರೆಸಿಕೊಳ್ಳುತ್ತ ಬಂದು ನನ್ನ ಕೈಯಲ್ಲಿ ಪುಸ್ತಕ ನೋಡಿ ಪಕ್ಕದಲ್ಲಿ ಕೂತಳು. ಆರು ಸಲ ಓದಿ ನೋಡಿದ್ದೇನೆ, ಎಲ್ಲಿಯೂ ತಪ್ಪು ಕಾಣುವುದಿಲ್ಲ ಎಂದಳು. ಜಗತ್ತಿನವರೆಲ್ಲ ತಪ್ಪು, ತಾನೊಬ್ಬಳು ಸರಿ ಎಂದು ಅವಳಿಗೆ ಒಂದು ಕ್ಷಣವೂ ಅನಿಸಿರಲಿಲ್ಲ. ಆದರೆ ತನ್ನ ತಪ್ಪು ಎಲ್ಲಿದೆ ಎಂದು ಸಿಗುತ್ತಿರಲಿಲ್ಲ. ನನಗೆ ಯಾಕೆ ಹೇಳಲಿಲ್ಲ, ಫೋನಿನಲ್ಲಿ ಒಂದು ನಿಮಿಷದ ಕೆಲಸವಾಗಿತ್ತು ಎಂದೆ.

"ಅದಕ್ಕ ಹೇಳಲಿಲ್ಲ."

ಅಪ್ಪ ಪೇಪರು ಮಡಚಿಟ್ಟು ಎದ್ದು ಬಂದರು. ಪುಸ್ತಕ ತೆಗೆದುಕೊಂಡು ಕಿಟಕಿಯ ಹತ್ತಿರ ಕೂತರು. ಅವರು ಭಾಗಾಕಾರದ ಸಾಲುಗಳನ್ನು ಓದಲೇ ಇಲ್ಲ. ಬೇರೆ ಹಾಳೆಯ ಮೇಲೆ 201469ನ್ನು 367ರಿಂದ ಗುಣಿಸಿದರು, ನಿಧಾನವಾಗಿ, ಪ್ರತಿ ಅಂಕಿಯನ್ನೂ ಸದ್ದಿಲ್ಲದೆ ತುಟಿಯಲ್ಲಿ ಹೇಳಿಕೊಳ್ಳುತ್ತ. ಉತ್ತರ 73939123 ಎಂದು ಬಂತು. ಅದನ್ನು ಅವ್ವನ ಸಂಖ್ಯೆಯ ಕೆಳಗೆ ಇಟ್ಟು ತೋರಿಸಿದರು.

"ಹತ್ತು ಕಡಿಮಿ ಅದ ನೋಡು. ನಿನ್ನ ಶೇಷ ಸೊನ್ನೆ ಅಲ್ಲ, ಹತ್ತು."

ಆಮೇಲೆ ಹತ್ತು ಎಲ್ಲಿ ಕಳೆದುಹೋಯಿತೆಂದು ಇಬ್ಬರೂ ಸೇರಿ ಹುಡುಕಿದರು. 2533ರಲ್ಲಿ 2202 ಕಳೆದರೆ 331 ಬರಬೇಕು, ಅವ್ವ 330 ಎಂದು ಬರೆದಿದ್ದಳು. ಆರು ಸಲವೂ ಅವಳ ಕಣ್ಣು ಅದರ ಮೇಲೆಯೇ ಹಾದುಹೋಗಿತ್ತು. ಅಪ್ಪ ಹೇಳಿದರು, "ಕಾರ್ಖಾನ್ಯಾಗ ಮಾಡಾಂವ ಬ್ಯಾರೆ, ನೋಡಾಂವ ಬ್ಯಾರೆ ಇರ್ತಾನ. ಮಾಡಿದಾಂವಗ ಕಾಣಂಗಿಲ್ಲ. ಇನ್ನ ಮುಂದ ನಾ ನೋಡ್ತೀನಿ."

ಅವ್ವ 330ನ್ನು ಹೊಡೆದು 331 ಎಂದು ಬರೆದಳು. ಆ ಎರಡು ದಿನ ಏನನಿಸಿತೆಂದು ನಾನು ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ ನನಗೆ ಇನ್ನೂ ಕಿವಿಯಲ್ಲಿದೆ.

"ಅದು ಒಡದಿದ್ರ ನನಗ ಇಷ್ಟು ದುಃಖ ಆಗ್ತದ ಅಂತ ಗೊತ್ತಿರಲಿಲ್ಲ."

ಅಂದಿನಿಂದ ಅಪ್ಪ ಸೇರಿಕೊಂಡರು. ಅವ್ವ ಭಾಗಿಸುವುದು, ಅಪ್ಪ ಗುಣಿಸಿ ಶೇಷ ಕೂಡಿಸಿ ನೋಡುವುದು. ಸರಿಯಿದ್ದರೆ ಪುಟದ ಮೂಲೆಯಲ್ಲಿ ಕಾರ್ಖಾನೆಯಲ್ಲಿ ಮಾಡುತ್ತಿದ್ದಂತೆ ತಮ್ಮ ಸಹಿಯ ಮೊದಲಕ್ಷರ ಮತ್ತು ತಾರೀಖು. ತಪ್ಪಿದ್ದರೆ ತಪ್ಪಿನ ಜಾಗ ಹೇಳುತ್ತಿರಲಿಲ್ಲ, ಪುಟವನ್ನು ವಾಪಸು ಅವಳ ಮುಂದೆ ಸರಿಸುತ್ತಿದ್ದರು. ಮದುವೆಯಾಗಿ ಸುಮಾರು ಐವತ್ತು ವರ್ಷವಾದ ಇಬ್ಬರು ಊಟದ ಮೇಜಿನ ಎರಡು ತುದಿಗೆ ಕೂತು ಎರಡು ತಾಸು ಒಂದೇ ಕೆಲಸ ಮಾಡುವುದನ್ನು ನಾನು ಮೊದಲ ಸಲ ನೋಡಿದೆ.

ಒಂದು ರಜೆಯ ದಿನ ಅಪ್ಪ ತಲೆಯೆತ್ತದೆ ಕೇಳಿದರು, "ಪಿಯುಸಿಯೊಳಗ ಗಣಿತಕ್ಕ ಎಷ್ಟು ಬಿದ್ದಿದ್ವು ನಿನಗ?"

"ನೂರಕ್ಕ ತೊಂಬತ್ತೆಂಟು."

ಅಪ್ಪ ಗುಣಾಕಾರ ನಿಲ್ಲಿಸಿದರು. ಆ ಎರಡು ಎಲ್ಲಿ ಹೋದವು ಎಂದು ಕೇಳಿದರು. ಕಳೆಯುವುದರಲ್ಲಿ ಎಂದಳು ಅವ್ವ. ಇಬ್ಬರೂ ನಕ್ಕರು. ಆಮೇಲೆ ಅಪ್ಪ ನಗು ನಿಲ್ಲಿಸಿ ಕನ್ನಡಕ ತೆಗೆದು ಒರೆಸಿಕೊಂಡರು. "ನಾ ಒಮ್ಮೆನೂ ಕೇಳಲಿಲ್ಲ ನೋಡು," ಎಂದರು. ಅವ್ವ ಮುಂದಿನ ಪುಟವನ್ನು ಅವರ ಕಡೆ ಸರಿಸಿದಳು.

ಚಳಿಗಾಲವೆಲ್ಲ ಹಾಗೆಯೇ ಕಳೆಯಿತು. ಎರಡು ಸಾವಿರ ದಾಟಿತು, ನಾಲ್ಕು ಸಾವಿರ ದಾಟಿತು. ಸಂಕ್ರಮಣಕ್ಕೆ ಎಳ್ಳು ಬೆಲ್ಲ ಹಂಚಲು ಬಂದ ನೆರೆಯವರಿಗೆ ಅವ್ವ ಐದು ಸಾವಿರದ ಹತ್ತಿರ ಬಂದಿದ್ದೇನೆಂದು ಹೇಳಿದಳು, ಅವರು ಜಪ ಎಂದು ತಿಳಿದುಕೊಂಡರು. ನಾನು ಬೆಳಿಗ್ಗೆ ಬಸ್ಸಿನಲ್ಲಿ ಹೋಗುವಾಗ ಆ ಸಂಖ್ಯೆಯ ಬಗ್ಗೆ ಯೋಚಿಸುತ್ತಿದ್ದೆ. ಸಿಗ್ನಲ್ಲಿನಲ್ಲಿ ನಿಂತ ಗಾಡಿಗಳ ನಂಬರುಗಳನ್ನು ನೋಡಿ ಇದು ಮೂರರಿಂದ ಹೋಗುತ್ತದೆ, ಇದು ಹನ್ನೊಂದರಿಂದ ಹೋಗುತ್ತದೆ ಎನ್ನುವ ಚಟ ಹಿಡಿದಿತ್ತು. ಎಲ್ಲವೂ ಸುಲಭವಾಗಿ ಒಡೆಯುತ್ತಿದ್ದವು. ಮನೆಯಲ್ಲಿ ಅದೊಂದು ಮಾತ್ರ ಪ್ರತಿ ದಿನ ಎಂಟು ಹತ್ತು ಏಟು ತಿಂದು, ಪ್ರತಿ ಏಟಿಗೂ ಏನಾದರೊಂದು ಶೇಷ ಉಳಿಸಿಕೊಂಡು ಹಾಗೆಯೇ ಕೂತಿತ್ತು. ಅದಕ್ಕೆ ಯಾರೂ ಆ ಗುಣ ಕೊಟ್ಟಿರಲಿಲ್ಲ. ಪುಣೆ ಇಲ್ಲದಾಗಲೂ, ಎಣಿಸುವ ಮನುಷ್ಯನೇ ಇಲ್ಲದಾಗಲೂ ಅದು ಹೀಗೆಯೇ ಇತ್ತು ಎಂಬುದನ್ನು ಯೋಚಿಸಿದಷ್ಟೂ ನನಗೆ ಮೈ ಜುಮ್ಮೆನ್ನುತ್ತಿತ್ತು.

ಯುಗಾದಿಗೆ ಇನ್ನೂ ನಾಲ್ಕು ದಿನವಿತ್ತು. ಶನಿವಾರ, ನನಗೆ ರಜೆ. ಹನ್ನೆರಡರ ಸುಮಾರಿಗೆ ಅವ್ವ ನನ್ನನ್ನು ಕರೆದಳು. ಅವಳ ಗೋಡೆಯ ಪಟ್ಟಿಯಲ್ಲಿ ತಿರುವಿಗೆ ಮುಂಚೆ ಉಳಿದಿದ್ದದ್ದು 8597 ಒಂದೇ. ಭಾಗಿಸಿದಳು. 8600 ಸಲ ಹೋಯಿತು, 4933 ಉಳಿಯಿತು. ಅಪ್ಪ ಗುಣಿಸಿ ಕೂಡಿಸಿದರು. ಸರಿ ಇತ್ತು. ಅವ್ವ ಅಲ್ಲಿಗೆ ನಿಲ್ಲಿಸದೆ ಮುಂದಿನ ಅವಿಭಾಜ್ಯ 8599ರಿಂದಲೂ ಭಾಗಿಸಿದಳು. 8598 ಸಲ ಹೋಯಿತು. ಭಾಗಲಬ್ಧ ಭಾಜಕಕ್ಕಿಂತ ಸಣ್ಣದಾಗಿತ್ತು. ತಿರುವು ಬಂದಿತ್ತು.

ಅಪ್ಪ ಕೊನೆಯ ಪುಟದಲ್ಲಿ ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿದರು. ಅವ್ವ ಎರಡೂ ಅಂಗೈಗಳನ್ನು ಆ ಪುಟದ ಮೇಲೆ ಇಟ್ಟುಕೊಂಡು ಕೂತಳು. ಅವಳು ಹಿಗ್ಗುತ್ತಾಳೆ, ಏನಾದರೂ ಸಿಹಿ ಮಾಡೋಣ ಎನ್ನುತ್ತಾಳೆ ಎಂದು ನಾನು ಎಣಿಸಿದ್ದೆ. ಅವಳ ಮುಖದಲ್ಲಿ ಇದ್ದದ್ದು ಗೆಲುವಲ್ಲ. ಬಹಳ ದೊಡ್ಡದೊಂದರ ಎದುರಿಗೆ ನಿಂತವರ ಮುಖ ಹಾಗಿರುತ್ತದೆ.

"ಒಂದೂ ಹೋಗಲಿಲ್ಲ," ಎಂದಳು ಮೆಲ್ಲಗೆ. "ಸಾವಿರದ ಮ್ಯಾಲೆ ಆತು. ಒಂದೂ ಹೋಗಲಿಲ್ಲ."

ನಾನು ಕಾಲೇಜಿನಲ್ಲಿ ಪ್ರಾಧ್ಯಾಪಕರಿಗೆ ಹೇಳಿದಾಗ ಅವರು ಮೊದಲು ನಂಬಲಿಲ್ಲ. ದೇಹೂ ರೋಡಿನಲ್ಲಿ ಅವರ ಮನೆ. ಮುಂದಿನ ಭಾನುವಾರ ಅಲ್ಲಿಂದ ಲೋಕಲ್ ರೈಲು ಹಿಡಿದು ಖಡಕಿಗೆ ಬಂದರು. ಅವ್ವ ಹನ್ನೊಂದು ನೋಟುಬುಕ್ಕುಗಳನ್ನು ಅವರ ಮುಂದೆ ಇಟ್ಟು, ಚಹಾ ಮಾಡಲು ಒಳಗೆ ಹೋದಳು. ಅವರು ಮೊದಲಿನಿಂದ ಪುಟ ತಿರುವಲು ಶುರುಮಾಡಿದರು. ಚಹಾ ಆರಿಹೋಯಿತು. 367ರ ಪುಟದಲ್ಲಿ ಅವ್ವ ಅಪ್ಪನ ಗುಣಾಕಾರದ ಹಾಳೆಯನ್ನು ಅಂಟಿಸಿಟ್ಟಿದ್ದಳು. ಪ್ರಾಧ್ಯಾಪಕರ ಕಣ್ಣು ಅಲ್ಲಿ ಬಹಳ ಹೊತ್ತು ನಿಂತಿತು. ಕೊನೆಯ ಪುಟಕ್ಕೆ ಬಂದು ಅವ್ವನನ್ನು ಕಾಕೂ, ಅಂದರೆ ಚಿಕ್ಕಮ್ಮ, ಎಂದು ಕರೆದು, 8597ಕ್ಕೇ ಮುಗಿದಿತ್ತಲ್ಲ, ಇನ್ನೊಂದು ಯಾಕೆ ಮಾಡಿದಿರಿ ಎಂದು ಮರಾಠಿಯಲ್ಲಿ ಕೇಳಿದರು. ದಾಟಿದ ಮೇಲೆ ಆಚೆ ಒಂದು ಹೆಜ್ಜೆ ಇಟ್ಟು ನೋಡಬೇಕೆನಿಸಿತು ಎಂದಳು ಅವ್ವ. ಅವರು ತಲೆಯಾಡಿಸಿದರು. ತಾನು ಈ ಸಂಖ್ಯೆಯನ್ನು ಎಷ್ಟೋ ವರ್ಷದಿಂದ ಮಕ್ಕಳಿಗೆ ತೋರಿಸುತ್ತಿದ್ದೇನೆ, ಒಮ್ಮೆಯೂ ಒಂದು ಭಾಗಾಕಾರ ಮಾಡಿಲ್ಲ ಎಂದರು.

ಆಮೇಲೆ ಅವರು ಹಾಳೆಯಲ್ಲಿ ಬರೆಯದೆ ಬಿಟ್ಟಿದ್ದನ್ನು ಹೇಳಿದರು. ಬಾಲ ಕಿತ್ತರೂ ಅವಿಭಾಜ್ಯವಾಗಿಯೇ ಉಳಿಯುವ ಈ ಜಾತಿಯ ಸಂಖ್ಯೆಗಳು ಒಟ್ಟು ಇರುವುದೇ ಎಂಬತ್ತಮೂರು. ಎಂಟಂಕಿಯವು ಐದು. ಒಂಬತ್ತಂಕಿಯದು ಒಂದೂ ಇಲ್ಲ, ಆದ್ದರಿಂದ ಮುಂದೆಯೂ ಇರಲು ಸಾಧ್ಯವಿಲ್ಲ. ಅವಿಭಾಜ್ಯಗಳಿಗೆ ಕೊನೆಯಿಲ್ಲ, ಆದರೆ ಈ ಒಂದು ಜಾತಿ ಇಲ್ಲಿಗೆ ಮುಗಿಯುತ್ತದೆ.

ಅವ್ವನಿಗೆ ಇದನ್ನು ನುಂಗಲು ಸಮಯ ಬೇಕಾಯಿತು. ಯಾಕೆ ಮುಗಿಯುತ್ತದೆ ಎಂದು ಕೇಳಿದಳು. ಒಂದೊಂದು ಅಂಕಿ ಹಚ್ಚಿ ಬೆಳೆಸುತ್ತ ಹೋದರೆ ಒಂದೊಂದೇ ಕೊಂಬೆ ಒಣಗುತ್ತ ಬಂದು ಇಲ್ಲಿ ಕೊನೆಯ ಚಿಗುರು ನಿಂತಿದೆ, ನೋಡಿದ್ದರಿಂದ ಗೊತ್ತಾಗಿದೆ, ಇದಕ್ಕಿಂತ ಹೆಚ್ಚಿನ ಕಾರಣ ತನಗೆ ಗೊತ್ತಿಲ್ಲ ಎಂದರು ಅವರು. ಹಾಗಾದರೆ ಈ ಸಂಖ್ಯೆಯ ಕೊನೆಗೆ ಇನ್ನೊಂದು ಅಂಕಿ ಹಚ್ಚಿದರೆ ಒಡೆಯಲೇಬೇಕಲ್ಲ ಎಂದು ಅವ್ವ ಕೇಳಿದಳು. ಯಾವುದನ್ನು ಹಚ್ಚಿದರೂ ಒಡೆಯುತ್ತದೆ ಎಂದ ಅವರು, ಯಾವುದರಿಂದ ಒಡೆಯುತ್ತದೆಂದು ಹೇಳಲು ಫೋನು ಕೈಗೆತ್ತಿಕೊಂಡರು. ಅವ್ವ ಕೈ ಅಡ್ಡ ಮಾಡಿದಳು.

"ಸಾಂಗೂ ನಕಾ," ಎಂದಳು. ಹೇಳಬೇಡಿ ಎಂದು.

ಅವರು ಫೋನನ್ನು ಜೇಬಿಗೆ ಹಾಕಿಕೊಂಡರು. ಹೋಗುವಾಗ ಒಂದು ನೋಟುಬುಕ್ಕನ್ನು ತರಗತಿಯಲ್ಲಿ ತೋರಿಸಲು ಕೇಳಿ ಒಯ್ದರು, ಎರಡು ವಾರಕ್ಕೆ ಬ್ರೌನ್ ಪೇಪರಿನ ರಟ್ಟು ಹಾಕಿ ಮರಳಿಸಿದರು.

ಸರಿ ಅಂಕಿ ಹಚ್ಚಿದರೆ ಎರಡರಿಂದ ಹೋಗುತ್ತದೆ, ಐದು ಹಚ್ಚಿದರೆ ಐದರಿಂದ. ಉಳಿದದ್ದು ಒಂದು, ಮೂರು, ಏಳು, ಒಂಬತ್ತು. ಒಂದು ಮತ್ತು ಏಳು ಹಚ್ಚಿದರೆ ಅಂಕಿಗಳ ಮೊತ್ತ ಮೂವತ್ತೊಂಬತ್ತು, ನಲವತ್ತೈದು ಆಗುತ್ತದೆ, ಎರಡೂ ಮೂರರಿಂದ ಹೋಗುತ್ತವೆ. ಅವ್ವ ಅದನ್ನು ಚಹಾದ ಲೋಟ ತೊಳೆಯುತ್ತಲೇ ಹೇಳಿದಳು. ಮೂರು ಮತ್ತು ಒಂಬತ್ತು ಮಾತ್ರ ಸುಲಭದಲ್ಲಿ ಬಗ್ಗುವವಲ್ಲ. ಈಗ ಅವಳು ಮೂರು ಹಚ್ಚಿದ್ದನ್ನು ಹಿಡಿದಿದ್ದಾಳೆ: ಎಪ್ಪತ್ತಮೂರು ಕೋಟಿ ತೊಂಬತ್ತಮೂರು ಲಕ್ಷ ತೊಂಬತ್ತೊಂದು ಸಾವಿರದ ಮುನ್ನೂರ ಮೂವತ್ತಮೂರು. ಇದಕ್ಕೆ ತಿರುವು ಇಪ್ಪತ್ತೇಳು ಸಾವಿರದ ಆಚೆ ಇದೆ. ಎಲ್ಲಿಯೋ ಒಂದು ಕಡೆ ಸೊನ್ನೆ ಕಾದು ಕೂತಿದೆ, ಎಲ್ಲಿ ಎಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನೂರರೊಳಗಿನ ಯಾವುದರಿಂದಲೂ ಅದು ಹೋಗಲಿಲ್ಲ. ಇವತ್ತು ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುವಾಗ ಅವಳು ನೂರಾ ಒಂದರಿಂದ ಭಾಗಿಸುತ್ತಿದ್ದಳು. ಏನಾಯಿತು ಎಂದು ಬಾಗಿಲಿನಿಂದಲೇ ಕೇಳಿದೆ.

"ಇಪ್ಪತ್ತೇಳು ಉಳೀತು. ನೀ ಹೋಗು, ಬಸ್ ತಪ್ಪತದ."